ವಿಡಿಯೋ ಆಟಗಳ ಉದ್ಯಮದಲ್ಲಿ ಕರ್ತೃ ಮತ್ತು ಆಟಗಾರ: ೧೯೮೩ರ ಕುಸಿತವನ್ನು ಕುರಿತ ಒಂದು ವಿವೇಚನೆ

೧

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೮೩ರಲ್ಲಿ ವಿಡಿಯೋ ಆಟಗಳ ಮಾರುಕಟ್ಟೆ ಕುಸಿದುದು ಆ ಉದ್ಯಮದ ಚರಿತ್ರೆಯಲ್ಲಿ ಒಂದು ಎಲ್ಲೆಗಲ್ಲು. ರೂಢಿಯಲ್ಲಿರುವ ಲೆಕ್ಕದ ಪ್ರಕಾರ ಆ ವರ್ಷ ಸುಮಾರು ೩೨೦ ಕೋಟಿ ಡಾಲರುಗಳಷ್ಟಿದ್ದ ಮಾರಾಟ ೧೯೮೫ರ ವೇಳೆಗೆ ಸುಮಾರು ೧೦ ಕೋಟಿಗೆ ಇಳಿಯಿತು. ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣಗಳು ಎರಡು: 'ಇ.ಟಿ.' ಎಂಬ ಒಂದು ಆಟ ಕೆಟ್ಟುದು. ಅಗತ್ಯವನ್ನು ಮೀರಿ ಆಟಗಳು ತಯಾರಾದುದು. ಇವೆರಡೂ ಸುಳ್ಳಲ್ಲ, ಆದರೆ ಎರಡೂ ವ್ಯಾಪಾರಿಯ ನೆಲೆಯಲ್ಲಿ ನಿಂತು ಕಂಡ ಕಾರಣಗಳು. ಹಣ ತೆತ್ತು ಆಟವನ್ನು ಮನೆಗೆ ಒಯ್ದ ಆಟಗಾರನ ನೆಲೆಯಿಂದ ನೋಡಿದರೆ ಬೇರೊಂದು ಕಾರಣ ಗೋಚರಿಸುತ್ತದೆ. ರಚಿಸಿದವನ ಹೆಸರನ್ನು ಮರೆಮಾಡಿ, ಕೊಳ್ಳುವವನ ವಿವೇಚನೆಗೆ ಆಧಾರವೇ ಇಲ್ಲದಂತೆ ಮಾಡಿದ ಪದ್ಧತಿಯೇ ಆ ಕಾರಣ. ಇದನ್ನು ತೋರಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

೨

ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ ಎಂಬವರು ೧೯೭೨ರಲ್ಲಿ ಸ್ಥಾಪಿಸಿದ ಅಟಾರಿ ಸಂಸ್ಥೆಯನ್ನು ೧೯೭೬ರಲ್ಲಿ ವಾರ್ನರ್ ಕಮ್ಯುನಿಕೇಷನ್ಸ್ ಕೊಂಡಿತು. ಮರುವರ್ಷ ಹೊರಬಂದ ಅಟಾರಿಯ ಮನೆಯ ಯಂತ್ರಕ್ಕೆ ಇದ್ದ ತಾತ್ಕಾಲಿಕ ಸ್ಮೃತಿ ಕೇವಲ ೧೨೮ ಬೈಟ್. ಅದರ ಮೊದಮೊದಲ ಕಾರ್ಟ್ರಿಜ್ಜುಗಳಲ್ಲಿ ಇಡೀ ಆಟ ೨ ಅಥವಾ ೪ ಕಿಲೋಬೈಟಿನೊಳಗೆ ಅಡಕವಾಗಬೇಕಾಗಿತ್ತು. ಇಷ್ಟು ಕಿರಿದಾದ ಅವಕಾಶದಲ್ಲಿ ಕಲ್ಪನೆ, ಚಿತ್ರ, ಧ್ವನಿ, ಲೆಕ್ಕಾಚಾರ ಇವೆಲ್ಲವೂ ಬಹುಮಟ್ಟಿಗೆ ಒಬ್ಬನದೇ ಕೆಲಸವಾಗುತ್ತಿತ್ತು. ಎಂದರೆ, ಆಗಿನ ಆಟವು ಕವಿತೆಯಂತೆ ಏಕಕರ್ತೃಕವಾದ ಕೃತಿ. ಆದರೂ ಅಟಾರಿಯ ಪೆಟ್ಟಿಗೆಯ ಮೇಲೆ ಆ ಕರ್ತೃವಿನ ಹೆಸರು ಇರುತ್ತಿರಲಿಲ್ಲ.

೧೯೭೮ರಲ್ಲಿ ಸಂಸ್ಥೆಯ ಆಡಳಿತ ಜವಳಿ ಉದ್ಯಮದಿಂದ ಬಂದ ರೇ ಕಸಾರರ ಕೈಗೆ ಹೋಯಿತು. ಡೇವಿಡ್ ಕ್ರೇನ್, ಲ್ಯಾರಿ ಕ್ಯಾಪ್ಲನ್, ಆಲನ್ ಮಿಲ್ಲರ್, ಬಾಬ್ ವೈಟ್‌ಹೆಡ್ ಎಂಬ ನಾಲ್ವರು ರಚನಕಾರರು, ಕಾರ್ಟ್ರಿಜ್ ಮಾರಾಟದ ಅರ್ಧಕ್ಕೂ ಹೆಚ್ಚು ಪಾಲು ತಮ್ಮ ಆಟಗಳಿಂದಲೇ ಬರುತ್ತಿದೆಯೆಂದು ತಿಳಿದು, ಹೆಸರನ್ನೂ ನ್ಯಾಯವಾದ ಪ್ರತಿಫಲವನ್ನೂ ಕೇಳಿದರು. ಜೋಡಣೆಯ ಸಾಲಿನಲ್ಲಿ ಕಾರ್ಟ್ರಿಜ್ಜನ್ನು ಕೂಡಿಸುವವರಿಗಿಂತ ಅವರು ಹೆಚ್ಚಿನವರಲ್ಲವೆಂಬ ಅರ್ಥದ ಉತ್ತರ ದೊರೆಯಿತೆಂದು ಅವರೇ ಮುಂದೆ ಹೇಳಿದ್ದಾರೆ. ಅದೇ ಸಂಸ್ಥೆಯಲ್ಲಿದ್ದ ವಾರನ್ ರಾಬಿನೆಟ್ ಮತ್ತೊಂದು ಹಾದಿ ಹಿಡಿದರು. ತಮ್ಮ 'ಅಡ್ವೆಂಚರ್' ಆಟದೊಳಗೆ ಯಾರಿಗೂ ತಿಳಿಯದಂತೆ ಒಂದು ಗುಪ್ತ ಕೋಣೆಯನ್ನು ನಿರ್ಮಿಸಿ, ಅದರಲ್ಲಿ ತಮ್ಮ ಹೆಸರನ್ನು ಬರೆದರು. ಆ ಕೋಣೆಯನ್ನು ಕಂಡುಹಿಡಿದು ಸಂಸ್ಥೆಗೆ ಪತ್ರ ಬರೆದವನು ಒಬ್ಬ ಬಾಲಕ. ಸಂಸ್ಥೆ ಅಳಿಸಿದ ಹೆಸರನ್ನು ಮೊದಲು ಓದಿದವನು ಆಟಗಾರ ಎಂಬುದು ಗಮನಾರ್ಹ.

೩

ಮೇಲೆ ಹೇಳಿದ ನಾಲ್ವರು ೧೯೭೯ರಲ್ಲಿ ಜಿಮ್ ಲೆವಿಯೊಡನೆ ಸೇರಿ ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅನ್ಯರ ಯಂತ್ರಕ್ಕಾಗಿ ಆಟ ರಚಿಸುವ ಮೊದಲ ಸ್ವತಂತ್ರ ಸಂಸ್ಥೆ ಇದು. ರಚನಕಾರನ ಹೆಸರು ಇಲ್ಲಿ ಪೆಟ್ಟಿಗೆಯ ಮೇಲೆಯೇ ಬಂದಿತು. ಕೈಪಿಡಿಯಲ್ಲಿ ಅವನ ಭಾವಚಿತ್ರವೂ ಆಟದ ಬಗೆಗೆ ಅವನ ಸಲಹೆಗಳೂ ಅಚ್ಚಾದವು. ಹೆಚ್ಚು ಅಂಕ ಗಳಿಸಿದವರು ಪರದೆಯ ಛಾಯಾಚಿತ್ರವನ್ನು ಕಳುಹಿಸಿದರೆ ಸಂಸ್ಥೆ ಬಟ್ಟೆಯ ಬಿಲ್ಲೆಯೊಂದನ್ನು ಬಹುಮಾನವಾಗಿ ಕಳುಹಿಸುತ್ತಿತ್ತು. ೧೯೮೧ರಲ್ಲಿ 'ಎಲೆಕ್ಟ್ರಾನಿಕ್ ಗೇಮ್ಸ್' ಪತ್ರಿಕೆ ಹೊರಟು ಆಟಗಳ ವಿಮರ್ಶೆಯೂ ತಲೆಯೆತ್ತಿತು. ಕರ್ತೃ, ಕೃತಿ, ಸಹೃದಯ ಎಂಬ ಮೂರು ಕೊಂಡಿಗಳೂ ಸೇರಿ ಒಂದು ಕಲಾಸಂಪ್ರದಾಯ ಮೊಳೆಯುತ್ತಿದ್ದ ಕಾಲವಿದು. ಕ್ರೇನರ 'ಪಿಟ್‌ಫಾಲ್' (೧೯೮೨) ಈ ಸಂಪ್ರದಾಯದ ಉತ್ತಮ ಫಲ.

ಆದರೆ ಹೆಸರು ಮುದ್ರಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತಿತ್ತೆಂದು ವಾದಿಸಲಾಗದು. ಅಟಾರಿ ಹೂಡಿದ್ದ ವ್ಯಾಜ್ಯ ೧೯೮೨ರಲ್ಲಿ ರಾಜಿಯಾದ ಮೇಲೆ, ಆಟದ ಗಂಧವೇ ಇಲ್ಲದವರೂ ಈ ವ್ಯಾಪಾರಕ್ಕೆ ಇಳಿದರು. ಓಟ್ಸ್ ಧಾನ್ಯದ ತಿನಿಸುಗಳಿಗೆ ಹೆಸರಾದ ಕ್ವೇಕರ್ ಓಟ್ಸ್ ಸಂಸ್ಥೆಯೂ ಅವರಲ್ಲಿ ಒಂದು. ಅದೇ ವರ್ಷ ಅಟಾರಿಯ 'ಪ್ಯಾಕ್‌ಮ್ಯಾನ್' ಲಕ್ಷಗಟ್ಟಲೆ ಮಾರಾಟವಾದರೂ, ಮಿಣುಕುವ ಭೂತಗಳನ್ನು ಕಂಡ ಆಟಗಾರರಿಗೆ ನಿರಾಶೆಯಾಯಿತು. 'ಇ.ಟಿ.' ಆಟವನ್ನು ಕ್ರಿಸ್‌ಮಸ್ ವ್ಯಾಪಾರಕ್ಕೆ ಒದಗಿಸಬೇಕೆಂದು ಹೋವರ್ಡ್ ಸ್ಕಾಟ್ ವಾರ್ಷಾ ಅವರಿಗೆ ಕೊಟ್ಟ ಅವಧಿ ಸುಮಾರು ಐದು ವಾರ. ದೋಷ ರಚನಕಾರನದಲ್ಲ, ಐದು ವಾರವೆಂದು ಗೊತ್ತುಮಾಡಿದವರದು. ಪೆಟ್ಟಿಗೆಯ ಮೇಲಣ ಸೊಗಸಾದ ಚಿತ್ರವೊಂದನ್ನೇ ನಂಬಿ ಕೊಂಡವರು ಮತ್ತೆ ಕೊಳ್ಳಲಿಲ್ಲ. ಅಂಗಡಿಗಳು ಸರಕನ್ನು ಹಿಂದಿರುಗಿಸಿದವು. ೧೯೮೩ರಲ್ಲಿ ನ್ಯೂ ಮೆಕ್ಸಿಕೋದ ಆಲಮೊಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಅಟಾರಿಯ ಸರಕನ್ನು ಹೂಳಲಾಯಿತು. ೨೦೧೪ರಲ್ಲಿ ಅಗೆದಾಗ ಅವು ದೊರೆತವು. ಆಟಗಾರರಿಗೆ ಆಟ ಬೇಸರವಾಗಿರಲಿಲ್ಲ. ಅವರು ವಿಶ್ವಾಸ ಕಳೆದುಕೊಂಡಿದ್ದರು.

೪

ಕಳೆದುಹೋದ ವಿಶ್ವಾಸವನ್ನು ಮರಳಿಸಲು ಎರಡು ದಾರಿಗಳಿದ್ದವು. ಕರ್ತೃವನ್ನು ಮುಂದಿಟ್ಟು ಆಟಗಾರನ ವಿವೇಚನೆಗೆ ಬಲಕೊಡುವುದು ಒಂದು. ಬಾಗಿಲಿಗೆ ಬೀಗ ಹಾಕುವುದು ಇನ್ನೊಂದು. ೧೯೮೫ರಲ್ಲಿ ಅಮೆರಿಕಕ್ಕೆ ಬಂದ ಜಪಾನಿನ ನಿಂಟೆಂಡೊ ಸಂಸ್ಥೆ ಎರಡನೆಯದನ್ನು ಆರಿಸಿತು. ಅದರ ಯಂತ್ರದಲ್ಲಿದ್ದ ಒಂದು ಚಿಪ್, ಕಾರ್ಟ್ರಿಜ್ಜಿನಲ್ಲಿ ಅದರ ಜೊತೆಗಾರ ಚಿಪ್ ಇಲ್ಲದಿದ್ದರೆ ಆಟವನ್ನು ನಡೆಯಗೊಡುತ್ತಿರಲಿಲ್ಲ. ಅನುಮತಿ ಪಡೆದ ಸಂಸ್ಥೆ ವರ್ಷಕ್ಕೆ ಐದು ಆಟಗಳನ್ನು ಮಾತ್ರ ಹೊರತರಬಹುದಾಗಿತ್ತು. ಕಾರ್ಟ್ರಿಜ್ಜುಗಳನ್ನು ನಿಂಟೆಂಡೊ ಮೂಲಕವೇ ಮಾಡಿಸಬೇಕಾಗಿತ್ತು. ಈ ಬೀಗದಿಂದ ಕಳಪೆಯ ಪ್ರವಾಹ ತಗ್ಗಿತೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಬೀಗದ ಕೈ ಇದ್ದುದು ಮಾರುವವನ ಬಳಿ. ಕರ್ತೃವಿನ ಹೆಸರಂತೂ ಮತ್ತೆ ಮರೆಗೆ ಸರಿಯಿತು. ಬೇರೆ ಸಂಸ್ಥೆಗಳು ತಮ್ಮ ಕುಶಲಿಗಳನ್ನು ಸೆಳೆದುಕೊಂಡಾವೆಂಬ ಅಂಜಿಕೆಯಿಂದ ಜಪಾನಿನ ಹಲವು ಸಂಸ್ಥೆಗಳು ಆಟದ ಕೊನೆಯಲ್ಲಿ ಅಡ್ಡಹೆಸರುಗಳನ್ನಷ್ಟೇ ತೋರಿಸುತ್ತಿದ್ದವು. ಕ್ಯಾಪ್‌ಕಾಮಿನ 'ರಾಕ್‌ಮ್ಯಾನ್' ಮಾಲೆಯ ಮೊದಲ ಆಟಗಳಲ್ಲಿ ಕೇಯ್ಜಿ ಇನಾಫುನೆ ಕಾಣಿಸಿಕೊಳ್ಳುವುದು 'ಇನಾಫ್‌ಕಿಂಗ್' ಎಂದು.

೫

ಅಂದು ಹಾಕಿದ ಬೀಗ ಇಂದಿಗೂ ರೂಪಾಂತರದಲ್ಲಿ ಉಳಿದಿದೆ. ಯೂಬಿಸಾಫ್ಟ್ ೨೦೧೪ರಲ್ಲಿ ಪ್ರಕಟಿಸಿದ 'ದಿ ಕ್ರೂ' ಎಂಬ ಆಟ, ೨೦೨೪ರ ಮಾರ್ಚ್ ಕೊನೆಯಲ್ಲಿ ಸಂಸ್ಥೆಯ ಸರ್ವರುಗಳು ನಿಂತೊಡನೆ, ಹಣ ಕೊಟ್ಟವರಿಗೂ ಆಡಲಾಗದಂತಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಅಂಗೀಕೃತವಾದ ಕಾಯಿದೆಯೊಂದು, ಕೊಡುತ್ತಿರುವುದು ಬರಿಯ ಬಳಕೆಯ ಪರವಾನಗಿಯಾದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿರಿ' ಎನ್ನಬಾರದೆಂದು ವಿಧಿಸಿತು. ಆಟಗಾರನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆಂಬುದು ತಿಳಿದಿರಬೇಕೆಂಬ ತತ್ತ್ವ ಹೀಗೆ ನಾಲ್ಕು ದಶಕಗಳ ಅನಂತರ ಕಾನೂನಿನ ಮಾತಾಗಿ ಬಂದಿದೆ.

ಇವೆಲ್ಲವನ್ನೂ ಕೂಡಿಸಿ ನೋಡಿದಾಗ, ೧೯೮೩ರ ಪಾಠವನ್ನು ಉದ್ಯಮ ಅರ್ಧವಷ್ಟೇ ಕಲಿಯಿತೆಂದು ಹೇಳಬೇಕಾಗುತ್ತದೆ. ಸರಕಿನ ಪ್ರಮಾಣವನ್ನು ಹತೋಟಿಯಲ್ಲಿಡಬೇಕೆಂಬುದನ್ನು ಅದು ಅರಿತುಕೊಂಡಿತು; ಆಟಗಾರನ ವಿವೇಚನೆಯನ್ನು ಗೌರವಿಸಬೇಕೆಂಬುದನ್ನು ಇನ್ನೂ ಪೂರ್ತಿಯಾಗಿ ಅರಿತಿಲ್ಲ. ಈ ಕ್ಷೇತ್ರದ ಚರಿತ್ರೆಯನ್ನು ಇನ್ನು ಮುಂದೆ ಬರೆಯುವವರು ಸಂಸ್ಥೆಗಳ ಲೆಕ್ಕಪತ್ರಗಳಿಗೆ ಕೊಟ್ಟಷ್ಟೇ ಬೆಲೆಯನ್ನು ಆಟಗಾರರ ಪತ್ರಗಳಿಗೂ ಅಂದಿನ ವಿಮರ್ಶೆಗಳಿಗೂ ಕೊಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.