ಅಂಬಿನ ಕೋಲು: ಒಂದು ಗ್ರಂಥ, ಒಂದು ಹಡಗು



ಅರ್ಜುನನಿಗೆ ಅಕ್ಷಯ ತೂಣೀರವಿತ್ತು. ಉಳಿದ ಬಿಲ್ಲುಗಾರರಿಗೆಲ್ಲ ಬಾಣಗಳನ್ನು ಯಾರಾದರೂ ಮಾಡಿಕೊಡಬೇಕಾಗಿತ್ತು. ಬಿಲ್ಲುಗಳಿಗೆ ನಮ್ಮ ಪುರಾಣಗಳಲ್ಲಿ ಹೆಸರುಗಳುಂಟು. ಬಾಣವನ್ನು ಕೆತ್ತಿ, ನೆಟ್ಟಗೆ ಮಾಡಿ, ಗರಿಗಟ್ಟಿದವನ ಹೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಅನಾಮಧೇಯ ಕಸಬುದಾರನ ವಿಷಯವಾಗಿ ಇಂಗ್ಲೆಂಡಿನ ಚರಿತ್ರೆಯು ನಮಗೆ ಎರಡು ಸಾಕ್ಷಿಗಳನ್ನು ಒದಗಿಸಿದೆ. ಒಂದು ಗ್ರಂಥ, ಇನ್ನೊಂದು ಹಡಗು. ಎರಡೂ 1545ನೆಯ ವರ್ಷಕ್ಕೆ ಸೇರಿದುವು.

ಗ್ರಂಥವನ್ನು ಬರೆದವನು ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಗ್ರೀಕ್ ಪಾಠ ಹೇಳುತ್ತಿದ್ದ ರೋಜರ್ ಆಸ್ಕಮ್. ಗ್ರಂಥದ ಹೆಸರು ‘ಟಾಕ್ಸಾಫಿಲಸ್’, ಎಂದರೆ ಬಿಲ್ಲಿನ ಪ್ರೇಮಿ. ಓದುಬರಹದವನಿಗೆ ಬಿಲ್ಲೇಕೆ ಎಂದು ಆಕ್ಷೇಪಿಸುವವರಿಗೆ ಉತ್ತರವಾಗಿ, ಇಬ್ಬರು ಮಿತ್ರರ ಸಂಭಾಷಣೆಯ ರೂಪದಲ್ಲಿ ಅವನು ಇದನ್ನು ರಚಿಸಿದನು. ಎಂಟನೆಯ ಹೆನ್ರಿ ದೊರೆಯು ಇದನ್ನು ಮೆಚ್ಚಿ ಅವನಿಗೆ ವರ್ಷಕ್ಕೆ 10 ಪೌಂಡುಗಳ ವೇತನವನ್ನು ಗೊತ್ತುಮಾಡಿದನು. ಅಧ್ಯಾಪಕರ ಮನರಂಜನೆಗೆ ಸಂಭಾವನೆ ದೊರೆತ ಅಪೂರ್ವ ಪ್ರಸಂಗವಿದು!

ಆಸ್ಕಮನು ಬಾಣವನ್ನು ಮೂರು ಅಂಗಗಳಾಗಿ ವಿಂಗಡಿಸುತ್ತಾನೆ: ಕೋಲು, ಗರಿ, ಮೊನೆ. ಕೋಲಿಗೆ ಒದಗುವ ಮರಗಳನ್ನು ಹದಿನೈದರವರೆಗೆ ಎಣಿಸಿ, ಅವುಗಳ ಗುಣದೋಷಗಳನ್ನು ಹೇಳುತ್ತಾನೆ. ನಮ್ಮ ಪತಂಗದ ಮರದ ಬಳಗಕ್ಕೆ ಸೇರಿದ ಬ್ರೆಜಿಲ್ ಮರದಂಥವು ಅತಿಭಾರ. ಅವುಗಳಿಂದ ಮಾಡಿದ ಬಾಣ ಜಡವಾಗಿ ಹಾರುವುದು. ಆಲ್ಡರ್, ಆಸ್ಪೆನ್ ಮೊದಲಾದುವು ಅತಿಲಘು. ಅವು ಗಾಳಿಯಲ್ಲಿ ಅಂಡಲೆಯುವುವು. ಬರ್ಚ್, ಆಷ್ ಮುಂತಾದುವುಗಳಲ್ಲಿ ಮಧ್ಯಮ ಗುಣವುಂಟು. ಯುದ್ಧಕ್ಕೆ ಆಷ್ ಮರವೇ ಶ್ರೇಷ್ಠವೆಂದು ಅವನ ತೀರ್ಮಾನ. ಏಕೆಂದರೆ ಅದಕ್ಕೆ ವೇಗವೂ ಉಂಟು, ತೂಕವೂ ಉಂಟು. ಗರಿಗೆ ಹೆಬ್ಬಾತಿಗಿಂತ ಮೇಲಾದ ಹಕ್ಕಿಯಿಲ್ಲ. ಒಂದು ಬಾಣದ ಮೂರು ಗರಿಗಳೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಇಲ್ಲವಾದರೆ ಒಂದರ ಬಾಗು ಇನ್ನೊಂದಕ್ಕೆ ವಿರೋಧವಾಗಿ ಬಾಣದ ಗತಿ ಕೆಡುವುದು. ಮೂರರಲ್ಲಿ ಒಂದಕ್ಕೆ ಬಣ್ಣ ಬೇರೆ. ಅದನ್ನು ಕಂಡೊಡನೆ ಬಾಣವನ್ನು ಹೆದೆಗೆ ಯಾವ ಮಗ್ಗುಲಾಗಿ ಹೂಡಬೇಕೆಂಬುದು ತಿಳಿಯುವುದು.

ಇಷ್ಟೊಂದು ಸೂಕ್ಷ್ಮವೇಕೆ ಎಂದು ಕೇಳಬಹುದು. ಹೆದೆಯನ್ನು ಬಿಟ್ಟ ಕ್ಷಣದಲ್ಲಿ ಬಾಣವು ನೆಟ್ಟಗೆ ಹೋಗುವುದಿಲ್ಲ. ಹಾವಿನಂತೆ ಬಳುಕಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೊರಟು, ಆಮೇಲೆ ನೇರವಾಗುವುದು. 1930ರ ದಶಕದಲ್ಲಿ ಅಮೆರಿಕದ ಹಿಕ್‌ಮನ್ ಎಂಬ ವಿಜ್ಞಾನಿಯು ಕ್ಷಿಪ್ರ ಛಾಯಾಗ್ರಹಣದಿಂದ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದನು. ಬಿಲ್ಲಿನ ಬಲಕ್ಕೆ ಕೋಲಿನ ಬಿಗುವು ಹೊಂದಬೇಕು. ತೀರ ಮೆದುವಾದ ಕೋಲು ಒಂದು ಕಡೆಗೆ ಸರಿಯುವುದು, ತೀರ ಬಿರುಸಾದುದು ಇನ್ನೊಂದು ಕಡೆಗೆ. ಛಾಯಾಯಂತ್ರವಿಲ್ಲದ ಕಾಲದ ಕಸಬುದಾರನು ಇದನ್ನು ಬೆರಳುಗಳಿಂದಲೇ ಅರಿತಿದ್ದನು.

ಲಂಡನ್ನಿನವರು ಫಿನ್ಸ್‌ಬರಿ ಬಯಲಿನಲ್ಲಿ ಗುರಿಯಿಂದ ಗುರಿಗೆ ನಡೆಯುತ್ತ ಬಾಣ ಬಿಡುತ್ತಿದ್ದರು. ಬಯಲಿನಲ್ಲಿ ಬಿಟ್ಟ ಬಾಣಕ್ಕೆ ಕಲ್ಲೂ ಬೇರೂ ಶತ್ರುಗಳು. ಸಾಮಾನ್ಯವಾಗಿ ಅದು ಮೊನೆಯ ಹಿಂದೆಯೇ ಮುರಿಯುವುದು. ಆಗ ಮುರಿದ ಭಾಗವನ್ನು ಕತ್ತರಿಸಿ, ಗಟ್ಟಿಮರದ ತುಂಡನ್ನು ಸೀಳುಸಂದಿನಿಂದ ಬೆಸೆದು ಅಂಟಿಸಬಹುದು. ಹೊಸ ಬಾಣಕ್ಕೂ ಇಂಥ ತುದಿಯನ್ನು ಸೇರಿಸುವ ಪದ್ಧತಿಯುಂಟು. ಹಿಂದಿನ ಗರಿಗಳಿಗೆ ಮುಂದಿನ ಭಾರವು ಸರಿದೂಗಿ ಬಾಣವು ಸ್ಥಿರವಾಗಿ ಹಾರುವುದು. ಸಂದಿಗೆ ಎರಡು ಮೊನೆಗಳು ಸಾಕು, ಹೆಚ್ಚಾದರೆ ನೆಲದ ತೇವವು ಒಳಸೇರಿ ಅಂಟು ಬಿಡುವುದು, ಅಧಿಕ ಮೊನೆಗಳು ಕಣ್ಣಿಗೆ ಚೆಂದವೇ ಹೊರತು ಕೆಲಸಕ್ಕಲ್ಲ ಎಂದು ಆಸ್ಕಮನ ಎಚ್ಚರಿಕೆ. ಡೊಂಕಾದ ಕೋಲನ್ನು ಬಿಸಿಮಾಡಿ ಕೈಯಿಂದ ತಿದ್ದಬಹುದು. ಮುದುರಿದ ಗರಿಯು ಹಬೆಗೆ ಹಿಡಿದರೆ ಮತ್ತೆ ಅರಳುವುದು. ಆದರೆ ನಡುವೆ ಸೀಳುಬಿಟ್ಟ ಕೋಲನ್ನು ಮಾತ್ರ ಎಸೆಯಬೇಕು. ಅದು ಹೆದೆಯ ಹೊಡೆತಕ್ಕೆ ಸಿಡಿದು, ಬಿಟ್ಟವನ ಕೈಯನ್ನೇ ಇರಿಯುವುದು.

ಇನ್ನು ಹಡಗಿನ ಮಾತು. ಹೆನ್ರಿಯ ‘ಮೇರಿ ರೋಸ್’ ನೌಕೆಯು 1545ನೆಯ ಜುಲೈ 19ರಂದು ಪೋರ್ಟ್ಸ್‌ಮತ್ತಿನ ಬಳಿ ಮುಳುಗಿತು. 1982ರಲ್ಲಿ ಅದರ ಒಡಲನ್ನು ಮೇಲೆತ್ತಿದರು. ಅದರೊಡನೆ ದೊರೆತ ಬಾಣಗಳು ಮೂರೂವರೆ ಸಾವಿರಕ್ಕೂ ಹೆಚ್ಚು. ಗರಿಗಳು ಕೊಳೆತುಹೋಗಿದ್ದರೂ, ಅವನ್ನು ಬಿಗಿದ ದಾರದ ಗುರುತು ಉಳಿದಿತ್ತು. ಗರಿಗಳು ನಲುಗದಂತೆ ಬಾಣಗಳನ್ನು ಬಿಡಿಬಿಡಿಯಾಗಿ ತೂರಿಸಿಡಲು 24 ರಂಧ್ರಗಳುಳ್ಳ ತೊಗಲಿನ ಬಿಲ್ಲೆಗಳೂ ಸಿಕ್ಕಿದುವು. 24 ಬಾಣಗಳೆಂದರೆ ಒಂದು ಕಟ್ಟು. ಹಾಗಾದರೆ ಕೋಲುಗಳು ಯಾವ ಮರದವು? ಬಹುಪಾಲು ಪಾಪ್ಲರ್, ಆಸ್ಪೆನ್ ಕೂಡ ಇದೇ ಜಾತಿಯದು. ವಿದ್ವಾಂಸನು ಬೇಡವೆಂದ ಮರವನ್ನೇ ದೊರೆಯ ನೌಕೆಯು ತುಂಬಿಕೊಂಡಿತ್ತು!

ಇದರಿಂದ ಗ್ರಂಥವು ಸುಳ್ಳೆನ್ನೋಣವೆ? ಅವಸರ ಬೇಡ. ಸೈನ್ಯದವರು ಆಷ್ ಮರವನ್ನು ಬಿಟ್ಟು ಆಸ್ಪೆನ್ ಮರವನ್ನು ಬಳಸುತ್ತಿರುವರೆಂದು ಆಸ್ಕಮನೇ ದೂರಿದ್ದಾನೆ. ಮೆಟ್ಟಿಗೆ ಆಸ್ಪೆನ್ ಮರವನ್ನು ಬಳಸದೆ ಬಾಣಗಳಿಗೆ ಉಳಿಸಬೇಕೆಂದು 1416ರಲ್ಲಿಯೇ ಶಾಸನವಾಗಿತ್ತು. ಹಗುರವಾದ ಬಾಣ ದೂರ ಹೋಗುವುದು, ಭಾರವಾದುದು ಬಲವಾಗಿ ನಾಟುವುದು. ಇವೆರಡರ ನಡುವೆ ಆಯ್ಕೆ ಎಂದಿಗೂ ಸುಲಭವಲ್ಲ. ಗ್ರಂಥವು ಹೇಗಿರಬೇಕೆಂಬುದನ್ನು ಹೇಳುವುದು, ವಸ್ತುವು ಹೇಗಿತ್ತೆಂಬುದನ್ನು. ಸಲಹೆಯನ್ನೇ ಆಚರಣೆಯೆಂದು ಭ್ರಮಿಸುವುದು ಚರಿತ್ರಕಾರನಿಗೆ ಒದಗುವ ದೊಡ್ಡ ಅಪಾಯ.

ನಮಗೂ ಈ ಎಚ್ಚರಿಕೆ ಬೇಕು. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧ್ಯಾಯವೊಂದುಂಟು. ಬಿದಿರು, ಜೊಂಡು ಮೊದಲಾದುವುಗಳ ಬಾಣಗಳನ್ನೂ, ಕಬ್ಬಿಣ, ಎಲುಬು, ಮರಗಳ ಮೊನೆಗಳನ್ನೂ ಅದು ಹೇಳುವುದು. ಆಯುಧಗಳನ್ನು ಆಗಾಗ ಸ್ಥಳ ಬದಲಾಯಿಸಿ, ಗಾಳಿಬಿಸಿಲಿಗೆ ಒಡ್ಡಿ, ತೇವದಿಂದಲೂ ಹುಳುಗಳಿಂದಲೂ ಕಾಪಾಡಬೇಕೆಂದು ವಿಧಿಸುವುದು. ವಿಧಿಯೇನೋ ನಮ್ಮ ಕೈಯಲ್ಲಿದೆ. ಆ ಬಿದಿರಿನ ಕೋಲುಗಳು ಮಣ್ಣಾಗಿ ಹೋದುವು. ಸಾಕ್ಷಿ ಹೇಳಲು ನಮಗೊಂದು ಮುಳುಗಿದ ಹಡಗಿಲ್ಲ. ಆದುದರಿಂದ ನಮ್ಮ ಹಳ್ಳಿಕಾಡುಗಳಲ್ಲಿ ಇಂದಿಗೂ ಬಿಲ್ಲುಬಾಣಗಳನ್ನು ಬಲ್ಲ ಕೈಗಳೆಲ್ಲಿ ಉಳಿದಿವೆಯೋ, ಅಲ್ಲಿ ಹೋಗಿ ಕುಳಿತು ಕೇಳಿ ಬರೆದುಕೊಳ್ಳುವುದೇ ನಮಗೆ ಉಳಿದಿರುವ ದಾರಿ. ಆ ಕೈಗಳಿಗೆ ಅಕ್ಷಯವೆಂಬ ವರವಿಲ್ಲ.