ಕೌಂಟರ್ ಪಂಚ್: ಕೆಲಸ ಮಾಡುವುದು ಕೈಯ ವೇಗವೋ, ಮೊದಲೇ ಒಡ್ಡಿದ ಬಲೆಯೋ?

ಬಾಕ್ಸಿಂಗ್‌ನಲ್ಲಿ ಎದುರಾಳಿ ಹೊಡೆಯಲು ಮುಂದಾದಾಗ, ಅದೇ ಅವಕಾಶ ಬಳಸಿ ತಿರುಗಿ ಕೊಡುವ ಏಟೇ ಕೌಂಟರ್ ಪಂಚ್. ಕಣ್ಣು ಚುರುಕಾಗಿ, ಕೈ ವೇಗವಾಗಿದ್ದರೆ ಇದು ತಾನಾಗಿಯೇ ಬರುತ್ತದೆ ಎಂದು ಹಲವರು ನಂಬುತ್ತಾರೆ. ಇದು ಪೂರ್ತಿ ನಿಜವಲ್ಲ.

ಕಣ್ಣಿಗೆ ಕಂಡದ್ದಕ್ಕೆ ದೇಹ ಪ್ರತಿಕ್ರಿಯಿಸಲು ಸುಮಾರು 200 ಮಿಲಿಸೆಕೆಂಡ್ ಬೇಕು. ಯಾವ ಏಟು ಬರುತ್ತಿದೆ ಎಂದು ಗುರುತಿಸಿ ಉತ್ತರ ಆರಿಸಬೇಕಾದರೆ ಇನ್ನೂ ಹೆಚ್ಚು. ಹತ್ತಿರದಿಂದ ಬರುವ ಜಾಬ್ ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ನುರಿತ ಬಾಕ್ಸರ್ ಏಟು ಬರಲಿ ಎಂದು ಕಾಯುವುದಿಲ್ಲ. ತನಗೆ ಬೇಕಾದ ಏಟನ್ನೇ ಎದುರಾಳಿಯಿಂದ ಹೊರಡಿಸುತ್ತಾನೆ.

ಬಲೆ ಒಡ್ಡುವುದು ಹೇಗೆ?

ತಲೆಯನ್ನು ಎದುರಾಳಿಯ ಕೈಗೆ ಎಟುಕುವಷ್ಟು ಮುಂದೆ ಇಡುವುದು ಒಂದು ದಾರಿ. ಜಾಬ್ ಬಂದಾಗ ತುಸು ಹಿಂದೆ ಸರಿದರೆ ಅದು ತಪ್ಪುತ್ತದೆ. ಆ ಕೈ ಗಾರ್ಡ್‌ಗೆ ಮರಳುವ ಮೊದಲೇ ಬಲಗೈ ಹೊಡೆಯುತ್ತದೆ. ಇನ್ನೊಂದು ದಾರಿ ಹುಸಿ ಹೊಡೆತ. ಹೊಟ್ಟೆಗೆ ಕೆಲವು ಬಾರಿ ಜಾಬ್ ಹಾಕಿ, ಬಳಿಕ ಹಾಗೆ ನಟಿಸಿದರೆ ಎದುರಾಳಿಯ ಕೈ ಕೆಳಗಿಳಿಯುತ್ತದೆ, ಮುಖ ತೆರೆದುಕೊಳ್ಳುತ್ತದೆ.

ಏಟುಗಳ ಸರಣಿಗೂ ಲೆಕ್ಕವಿದೆ. ಎಡಗಾಲು ಮುಂದಿಟ್ಟು ನಿಲ್ಲುವ ಬಾಕ್ಸರ್ ಬಲಗೈಯಿಂದ ಕ್ರಾಸ್ ಹೊಡೆದಾಗ ಸೊಂಟ ಎಡಕ್ಕೆ ತಿರುಗಿ, ಭಾರ ಮುಂದಿನ ಕಾಲಿಗೆ ಬರುತ್ತದೆ. ಅಲ್ಲಿಂದ ಸೊಂಟ ಮರಳಿ ತಿರುಗುವಾಗ ಎಡಗೈ ಹುಕ್‌ಗೆ ಬಲ ಸಿಗುತ್ತದೆ. ಜಾಬ್, ಕ್ರಾಸ್, ಹುಕ್ ಎಂಬ ಕ್ರಮ ಹೆಚ್ಚಾಗಿ ಬಳಕೆಯಲ್ಲಿರುವುದಕ್ಕೆ ಇದೂ ಕಾರಣ.

2012ರ ಡಿಸೆಂಬರ್ 8ರ ಪಂದ್ಯ

ಲಾಸ್ ವೇಗಸ್‌ನಲ್ಲಿ ಮೆಕ್ಸಿಕೋದ ಹುವಾನ್ ಮ್ಯಾನುಯೆಲ್ ಮಾರ್ಕೆಸ್ ಮತ್ತು ಫಿಲಿಪ್ಪೀನ್ಸ್‌ನ ಮ್ಯಾನಿ ಪಕಿಯಾವೊ ನಾಲ್ಕನೇ ಬಾರಿ ಎದುರಾದರು. ಹಿಂದಿನ ಮೂರರಲ್ಲಿ ಒಂದು ಡ್ರಾ, ಎರಡು ಪಕಿಯಾವೊ ಪಾಲು. ಐದನೇ ಸುತ್ತಿನಲ್ಲಿ ಮಾರ್ಕೆಸ್ ನೆಲಕ್ಕೆ ಬಿದ್ದು ಎದ್ದಿದ್ದರು. ಆರನೇ ಸುತ್ತು ಮುಗಿಯಲು ಒಂದು ಸೆಕೆಂಡ್ ಇರುವಾಗ ಪಕಿಯಾವೊ ಮುಂದಕ್ಕೆ ಹೆಜ್ಜೆ ಹಾಕಿದರು. ಮಾರ್ಕೆಸ್ ಅವರ ಬಲಗೈ ನೇರ ಮುಖಕ್ಕೆ ತಗುಲಿತು. ಪಕಿಯಾವೊ ಪ್ರಜ್ಞೆ ತಪ್ಪಿ ಮುಖಡಿಯಾಗಿ ಬಿದ್ದರು.

ಆ ಏಟು ಅಷ್ಟು ಬಲವಾಗಲು ಕಾರಣವೇನು?

ಮುಂದಕ್ಕೆ ಬರುತ್ತಿರುವ ತಲೆಗೆ ಎದುರಿನಿಂದ ಮುಷ್ಟಿ ತಗುಲಿದಾಗ ಎರಡರ ವೇಗವೂ ಸೇರುತ್ತದೆ. ಏಟು ನಿರೀಕ್ಷಿಸದಿದ್ದರೆ ಕುತ್ತಿಗೆಯ ಸ್ನಾಯುಗಳು ಬಿಗಿಯಾಗಿರುವುದಿಲ್ಲ, ತಲೆ ಥಟ್ಟನೆ ತಿರುಗುತ್ತದೆ. ಆಗ ತಲೆಬುರುಡೆಯೊಳಗೆ ಮಿದುಳಿನ ಅಂಗಾಂಶ ತಿರುಚಿ ಎಳೆಯಲ್ಪಡುತ್ತದೆ. ಪ್ರಜ್ಞೆ ತಪ್ಪುವುದಕ್ಕೆ ಇದೇ ಮುಖ್ಯ ಕಾರಣ. ಅಂದರೆ ಕೌಂಟರ್ ಅನ್ನು ಪರಿಣಾಮಕಾರಿ ಮಾಡುವ ಅಂಶವೇ ಅದನ್ನು ಅಪಾಯಕಾರಿಯೂ ಮಾಡುತ್ತದೆ.

ಕಲಿಯುವವರು ಗಮನಿಸಬೇಕಾದದ್ದು

ಹೆಡ್‌ಗಾರ್ಡ್ ಹಾಕಿದರೆ ಮಿದುಳು ಸುರಕ್ಷಿತ ಎಂಬುದೂ ತಪ್ಪು ಕಲ್ಪನೆ. ಅದು ಚರ್ಮ ಸೀಳುವುದನ್ನು ಕಡಿಮೆ ಮಾಡುತ್ತದೆ. ತಲೆ ತಿರುಗುವುದನ್ನು ತಡೆಯಲಾರದು. ಹಾಗಾಗಿ ಕೌಂಟರ್ ಅಭ್ಯಾಸವನ್ನು ತರಬೇತುದಾರರ ಕೈಪ್ಯಾಡ್ ಮೇಲೆ ಶುರು ಮಾಡಿ. ಜೊತೆಗಾರರೊಂದಿಗೆ ಆಡುವಾಗ ನಿಧಾನವಾಗಿ, ಹಗುರವಾಗಿ ಹೊಡೆಯಿರಿ.

ತಲೆಗೆ ಏಟು ಬಿದ್ದ ಮೇಲೆ ತಲೆನೋವು, ವಾಕರಿಕೆ, ಗೊಂದಲ, ಮರೆವು ಕಂಡರೆ ಪ್ರಜ್ಞೆ ತಪ್ಪದಿದ್ದರೂ ಕನ್ಕಷನ್ ಆಗಿರಬಹುದು. ಆ ದಿನ ಮತ್ತೆ ರಿಂಗ್‌ಗೆ ಇಳಿಯಬೇಡಿ, ವೈದ್ಯರಿಗೆ ತೋರಿಸಿ. ಪದೇ ಪದೇ ವಾಂತಿಯಾದರೆ, ತಲೆನೋವು ಹೆಚ್ಚುತ್ತಲೇ ಹೋದರೆ, ಫಿಟ್ಸ್ ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.