ಸ್ವಂತ ಮನೆಯೋ, ಬಾಡಿಗೆಯೋ? ಮೊದಲು ಎಷ್ಟು ವರ್ಷ ಇರ್ತೀರಿ ಅಂತ ಕೇಳಿಕೊಳ್ಳಿ

"ಬಾಡಿಗೆ ಕಟ್ಟೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅದೇ ದುಡ್ಡಲ್ಲಿ ಇಎಂಐ ಕಟ್ಟಬಾರದಾ?" ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ನನಗೆ ಈ ಮಾತು ಕೇಳಿಸುತ್ತದೆ. ಬೆಂಗಳೂರಿನ ಬಾಡಿಗೆದಾರರಿಗೆಲ್ಲ ಇದು ಪರಿಚಿತವೇ. ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದರೂ ಎಕ್ಸೆಲ್ ಚಟ ಬಿಟ್ಟಿಲ್ಲ. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ.

ವಾಪಸ್ ಬಾರದ ದುಡ್ಡು

80 ಲಕ್ಷದ ಫ್ಲ್ಯಾಟ್ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಅಂಥದ್ದೇ ಮನೆಯ ಬಾಡಿಗೆ ತಿಂಗಳಿಗೆ 25,000 ಅಂದುಕೊಳ್ಳೋಣ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಮನೆ ಬೆಲೆಯ ಗರಿಷ್ಠ 80% ಕೊಡಬಹುದು. ಅಂದರೆ 64 ಲಕ್ಷ ಸಾಲ, 16 ಲಕ್ಷ ಕೈಯಿಂದ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಇವೆರಡಕ್ಕೇ ಸುಮಾರು 6 ಲಕ್ಷ.

8.5% ಬಡ್ಡಿ, 20 ವರ್ಷದ ಅವಧಿ ಅಂದರೆ ಇಎಂಐ ಸುಮಾರು 55,500. ಮೊದಲ ಕಂತಿನಲ್ಲಿ 45,000ಕ್ಕೂ ಹೆಚ್ಚು ಬರೀ ಬಡ್ಡಿ! ಐದು ವರ್ಷ ಕಟ್ಟಿದ ಮೇಲೂ ಅಸಲು ಕರಗುವುದು 7.6 ಲಕ್ಷ ಮಾತ್ರ, ಬಡ್ಡಿಗೆ ಹೋಗುವುದು 25.7 ಲಕ್ಷ. ಬಾಡಿಗೆ ವರ್ಷಕ್ಕೆ 5% ಏರಿದರೂ ಐದು ವರ್ಷಕ್ಕೆ 16.6 ಲಕ್ಷ. ಹುಣಸೆಹಣ್ಣು ಎರಡೂ ಕಡೆ ಹೊಳೆಪಾಲೇ!

ಕೈಯಿಂದ ಹಾಕಿದ 22 ಲಕ್ಷ 6.5% ಎಫ್‌ಡಿಯಲ್ಲಿ ಇದ್ದಿದ್ದರೆ ಐದು ವರ್ಷಕ್ಕೆ 8 ಲಕ್ಷ ದುಡಿಯುತ್ತಿತ್ತು. ಎಲ್ಲ ಸೇರಿಸಿದರೆ, ಐದೇ ವರ್ಷಕ್ಕೆ ಮಾರುವವರಿಗೆ ಮನೆ ಬೆಲೆ ವರ್ಷಕ್ಕೆ 5%ಗಿಂತ ಹೆಚ್ಚು ಏರಿದರಷ್ಟೇ ಲೆಕ್ಕ ಸರಿಹೋಗುತ್ತದೆ. ಮೇಂಟೆನೆನ್ಸ್, ಆಸ್ತಿ ತೆರಿಗೆ ಬೇರೆ.

ಕಾಲ ಕಳೆದಂತೆ ತಕ್ಕಡಿ ವಾಲುತ್ತದೆ

ಬಾಡಿಗೆ ಏರುತ್ತಲೇ ಹೋಗುತ್ತದೆ. ಬಡ್ಡಿದರ ಬದಲಾಗದಿದ್ದರೆ ಇಎಂಐ ಅಲ್ಲೇ ನಿಲ್ಲುತ್ತದೆ. ಇದೇ ಲೆಕ್ಕದಲ್ಲಿ 18ನೇ ವರ್ಷ ಬಾಡಿಗೆ ಇಎಂಐಯನ್ನು ದಾಟುತ್ತದೆ. ಇಪ್ಪತ್ತರ ನಂತರ ಇಎಂಐ ಇಲ್ಲ, ಬಾಡಿಗೆ ಮಾತ್ರ ನಿಲ್ಲದು. ನಿವೃತ್ತಿಯ ವಯಸ್ಸಿನಲ್ಲಿ ಇದು ದೊಡ್ಡ ವ್ಯತ್ಯಾಸ. ಓನರ್ ಖಾಲಿ ಮಾಡಿ ಅಂದಾಗ ಮಕ್ಕಳ ಶಾಲೆಯ ಚಿಂತೆ ಮಾಡಬೇಕಿಲ್ಲ ಅನ್ನೋ ನೆಮ್ಮದಿ ಎಕ್ಸೆಲ್‌ಗೆ ಸಿಗದು, ಆದರೂ ಅದಕ್ಕೆ ಬೆಲೆ ಇದೆ.

ತೆರಿಗೆ ಉಳಿಯುತ್ತಾ?

ಹಳೆಯ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಇಲ್ಲ. ನೀವು ಯಾವುದರಲ್ಲಿದ್ದೀರಿ ನೋಡಿಕೊಳ್ಳಿ.

ಕಾಗದ ಪತ್ರ

ಅಡ್ವಾನ್ಸ್ ಕೊಡುವ ಮುನ್ನ ಇ-ಖಾತಾ, ಓಸಿ, ಕಾವೇರಿ 2.0ರಲ್ಲಿ ಸಿಗುವ ಋಣಭಾರ ಪತ್ರ ನೋಡಿ. ಕಟ್ಟುತ್ತಿರುವ ಮನೆಯಾದರೆ ರೇರಾ ನೋಂದಣಿ ಕೂಡ ನೋಡಿ. ಬಿ ಖಾತಾ ಮನೆ ಅಗ್ಗ ಅಂತ ಆಸೆಪಟ್ಟರೆ ಸಾಲ ಪಡೆಯುವಾಗ, ಮಾರುವಾಗ ತೊಂದರೆ ಎದುರಾಗಬಹುದು.

ನನ್ನ ಅಭಿಪ್ರಾಯ

ಐದು ವರ್ಷದೊಳಗೆ ಊರು ಬಿಡಬಹುದು, ಕೆಲಸ ಬದಲಾಗಬಹುದು ಅನ್ನುವವರು ಧೈರ್ಯವಾಗಿ ಬಾಡಿಗೆಗಿರಿ. ನಾನು ಸದ್ಯಕ್ಕೆ ಈ ಗುಂಪಿನವನೇ. ಹತ್ತು ಹನ್ನೆರಡು ವರ್ಷ ಇಲ್ಲೇ ಅನ್ನುವವರು, ಒಬ್ಬರ ಸಂಬಳ ನಿಂತರೂ ಆರು ತಿಂಗಳ ಇಎಂಐ ಕಟ್ಟುವಷ್ಟು ಹಣ ಪಕ್ಕಕ್ಕಿಟ್ಟು ಕೊಳ್ಳಿ. ಲೇಆಫ್ ಆದ ತಿಂಗಳು ಬಾಡಿಗೆದಾರ ಚಿಕ್ಕ ಮನೆಗೆ ಹೋಗಬಹುದು. ಇಎಂಐಯನ್ನು ಚಿಕ್ಕದು ಮಾಡುವುದು ಅಷ್ಟು ಸುಲಭವಲ್ಲ.